ಮನಿ ಸರ್ವರ್: ನಡೆಸಾವ್ರು ಊರಾಗ ಇಲ್ಲದಾಗೂ ನಡೀಬೇಕಂದ್ರ ಹೆಂಗ ಕಟ್ಟಬೇಕು?

ಮಾಳಮಡ್ಡಿ_ಮನಿ · ಧಾರವಾಡ

ಹಳೇ ಮನಿ. ಕೆಳಗಿನ ಅಂತಸ್ತು ಒಂದೂವರಿ ಫೂಟಿನ ಕಲ್ಲಗ್ವಾಡಿ, ಮ್ಯಾಲಿನ ಎರಡು ಇಟ್ಟಂಗಿ-ಸಿಮೆಂಟು. ಒಂಬತ್ತು ಮಂದಿ, ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲಾ ಕೂಡಿ ಮೂವತ್ತರ ಸನೇಕ. 100 ಎಂಬಿಪಿಎಸ್ ಫೈಬರ್, ಕಂಪನಿ ಕೊಟ್ಟ ಓಎನ್‌ಟಿ ಡಬ್ಬಿ (ಫೈಬರ್ ಬಂದು ಸೇರೋದು) ಪಡಸಾಲಿಯೊಳಗ ಐತಿ.

ಬೇಕಾಗಿದ್ದು ನಾಕು: ಎಲ್ಲರ ಫೋಟೋ ಒಂದ ಕಡೆ, ಜಾಹೀರಾತು ತಡಿಯೋ ಡಿಎನ್‌ಎಸ್ (ವೆಬ್ ಹೆಸರನ್ನ ಅಂಕಿ ವಿಳಾಸ ಮಾಡೋ ಸೇವೆ), ಹೊಲದ ಉತಾರ, ಮನಿ ಕಾಗದ ಸ್ಕ್ಯಾನ್ ಮಾಡಿ ಹುಡುಕಾಕ ಬರೂವಂಗ ಒಂದು ವ್ಯವಸ್ಥಾ, ನಾಕು ಕ್ಯಾಮೆರಾ. ಷರತ್ತು ಒಂದ: ನಡೆಸಾವ್ರು ವಾರಗಟ್ಟಲೆ ಪುಣೆದಾಗ ಇರ್ತಾರ, ಮನ್ಯಾಗ ಹಿರಿಯರು ಮತ್ತ ಸಾಲಿ ಹುಡುಗರಷ್ಟ. ಎಲ್ಲಿಂದ ಸುರು ಮಾಡೂದು ಹೇಳ್ರಿ.

ಬೆಟಗೇರಿ_ರೂಟ್ · ಗದಗ

ಷರತ್ತನ್ನೇ ಮೊದಲು ಹಿಡಿಯೋಣ. ಸರ್ವರ್ ಪೂರ್ತಿ ಸತ್ತರೂ ಮನೆಯ ಇಂಟರ್ನೆಟ್ ನಡೆಯಬೇಕು. ಫೋಟೋ ನಾಲ್ಕು ದಿನ ಏರದಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ; ಯುಪಿಐ ಹತ್ತು ನಿಮಿಷ ನಿಂತರೆ ಪುಣೆಗೆ ಫೋನ್ ಬರುತ್ತದೆ. ಯಾವ ಯಂತ್ರದಲ್ಲಿ ಏನು ಕೂರಬೇಕು ಅನ್ನುವುದನ್ನು ಇದೊಂದೇ ಮಾತು ತೀರ್ಮಾನಿಸುತ್ತದೆ.

ಹಾಗಾಗಿ ರೂಟರ್ ಬೇರೆ, ಸರ್ವರ್ ಬೇರೆ. ಒಂದೇ ಮಿನಿ ಪಿಸಿಗೆ ಪ್ರಾಕ್ಸ್‌ಮಾಕ್ಸ್ (ಒಂದು ಯಂತ್ರದೊಳಗೆ ಹಲವು ವರ್ಚುವಲ್ ಯಂತ್ರ ನಡೆಸುವ ತಂತ್ರಾಂಶ) ಹಾಕಿ, ಅದರೊಳಗೆ ರೂಟರನ್ನೂ ವರ್ಚುವಲ್ ಯಂತ್ರವಾಗಿ ಕೂರಿಸುವುದು ವಿಡಿಯೋದಲ್ಲಿ ಚಂದ. ಆ ಪಿಸಿಯ ರ‍್ಯಾಮ್ ಕೈಕೊಟ್ಟ ದಿನ ಮನೆಯಲ್ಲಿ ವೈಫೈಯೇ ಇರುವುದಿಲ್ಲ, ದೂರದಿಂದ ಒಳಗೆ ಬರುವ ದಾರಿಯೂ ಇರುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕುವ ಮುಕ್ತ ತಂತ್ರಾಂಶ) ನಡೆಯುವ ಒಂದು ಸಾಮಾನ್ಯ ರೂಟರ್ ತಗೊಳ್ಳಿ. 256 ಎಂಬಿ ರ‍್ಯಾಮ್ ಕಮ್ಮಿ, 512 ಇದ್ದರೆ ನಿಶ್ಚಿಂತೆ. ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಅದರಲ್ಲೇ ಇರಲಿ, ಸರ್ವರ್‌ಗೆ ಒಯ್ಯಬೇಡಿ.

ಸರ್ವರ್‌ಗೆ 8ನೇ ತಲೆಮಾರಿನ ಐ5, ಹೆಸರಿನ ಕೊನೆಗೆ ಟಿ ಅಕ್ಷರ ಇರುವ 35 ವ್ಯಾಟ್ ಪ್ರೊಸೆಸರಿನ, ಆಫೀಸಿನಿಂದ ಬಂದ ಹಳೆ ಮಿನಿ ಪಿಸಿ ಸಾಕು. 16 ಜಿಬಿ ರ‍್ಯಾಮ್, 512 ಜಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ). ಸುಮ್ಮನೆ ಕೂತಾಗ 8ರಿಂದ 12 ವ್ಯಾಟ್ ತಿನ್ನುತ್ತದೆ. ಹೊಸದೇ ಬೇಕಿದ್ದರೆ ಇಂಟೆಲ್ ಎನ್100. ಡೆಬಿಯನ್ ಲಿನಕ್ಸ್, ಅದರ ಮೇಲೆ ಡಾಕರ್ ಕಂಪೋಸ್ (ಪ್ರತಿ ಸೇವೆಯನ್ನು ಬೇರೆ ಡಬ್ಬಿಯಲ್ಲಿ ನಡೆಸುವ ಸಾಧನ), ಮುಗೀತು.

ವಿಳಾಸದ ಯೋಜನೆ ಈಗಲೇ ಮಾಡಿ, ಆಮೇಲೆ ಬದಲಿಸುವುದು ಭಾಳ ತಲೆಬಿಸಿ. 192.168.0 ಮತ್ತು 192.168.1 ಎರಡೂ ಬೇಡ. ಪುಣೆಯ ಬಾಡಿಗೆ ಮನೆಯ ವೈಫೈ ಕೂಡ ಅದೇ ಇರುತ್ತದೆ. ವಿಪಿಎನ್ (ದೂರದಿಂದ ಮನೆಯ ಜಾಲಕ್ಕೆ ಸೇರುವ ಗುಪ್ತ ದಾರಿ) ಹಚ್ಚಿ ಮನೆಯ 192.168.1.10 ಕರೆದರೆ ಪಕ್ಕದ ಕೋಣೆಯ ಪ್ರಿಂಟರ್ ಓ ಅನ್ನುತ್ತದೆ. 10.58.10.x ಮನೆಗೆ, 10.58.20.x ಕ್ಯಾಮೆರಾಕ್ಕೆ, 10.58.30.x ಬೀಗರು-ಅತಿಥಿಗಳಿಗೆ. ಮುಂದೆ ಎರಡನೇ ಮನೆ ಸೇರಿಸಿದರೆ 10.59.

ಗೋಕುಲ_ಗೇಟ್‌ವೇ · ಹುಬ್ಬಳ್ಳಿ

ಓಎನ್‌ಟಿ ಬ್ರಿಡ್ಜ್ ಮೋಡ್‌ಗೆ ಹಾಕಸ್ರಿ ಮೊದಲ, ಅಂದ್ರ ಅದು ರೂಟರ್ ಕೆಲಸ ಬಿಟ್ಟು ಬರೇ ದಾಟಸಬೇಕು. ಇಲ್ಲಾಂದ್ರ ಡಬಲ್ ನ್ಯಾಟ್, ಎರಡು ಕಡೆ ವಿಳಾಸ ಬದಲಿ ಆಗತೈತಿ.

ಬೆಟಗೇರಿ_ರೂಟ್ · ಗದಗ

ಈ ಮನೆಗೆ ಬ್ರಿಡ್ಜ್ ಬೇಡ ಅನ್ನುತ್ತೇನೆ. ಓಎನ್‌ಟಿಯ ವ್ಯಾನ್ (ಹೊರಬದಿಯ) ವಿಳಾಸ ನೋಡಿ. 100.64ರಿಂದ 100.127ರ ಒಳಗಿದ್ದರೆ ಕಂಪನಿಯೇ ನಿಮ್ಮನ್ನು ಸಿಜಿನ್ಯಾಟ್ (ಹಲವು ಮನೆಗೆ ಒಂದೇ ಹೊರ ವಿಳಾಸ) ಹಿಂದೆ ಕೂರಿಸಿದೆ. ಪೋರ್ಟ್ ತೆರೆದರೂ ಹೊರಗಿನಿಂದ ಯಾರೂ ಬರಲಾರರು, ಬ್ರಿಡ್ಜ್ ಮಾಡಿಸಿದರೂ ಬರಲಾರರು. ಇನ್ನೊಂದು ನ್ಯಾಟ್ ಕೂಡಿದರೆ ನಷ್ಟ ಅಷ್ಟಕ್ಕಷ್ಟೆ.

ಬ್ರಿಡ್ಜ್ ಮಾಡದಿದ್ದರೆ ಸಿಗುವುದು ದೊಡ್ಡದು: ಓಎನ್‌ಟಿಯ ಸ್ವಂತ ವೈಫೈ. ಅದಕ್ಕೆ ಬೇರೆ ಹೆಸರು, ಬೇರೆ ಗುಪ್ತಪದ ಕೊಟ್ಟು ಇಟ್ಟುಬಿಡಿ. ನಿಮ್ಮ ರೂಟರ್ ಸುಟ್ಟರೂ ಹಿರಿಯರು ಆ ಹೆಸರಿಗೆ ಫೋನ್ ಜೋಡಿಸಿದರೆ ನೆಟ್ ನಡೆಯುತ್ತದೆ. ಬ್ರಿಡ್ಜ್ ಮೋಡ್‌ನಲ್ಲಿ ಈ ಸೌಲಭ್ಯ ಇಲ್ಲ. ಓಎನ್‌ಟಿ 192.168.1.x ಕೊಡುತ್ತಿರಲಿ, ಒಳಗಿನ ರೂಟರ್ 10.58.10.x ಕೊಡಲಿ, ಎರಡೂ ಒಂದೇ ಸರಣಿ ಆದರೆ ಮಾತ್ರ ಜಗಳ.

ನಡುಮನಿ · ಧಾರವಾಡ

ಆ ಆಪತ್ಕಾಲದ ವೈಫೈನ ಗುಪ್ತಪದ ಲಕೋಟೆಯಲ್ಲಿ ಹಾಕಿ ತಿಜೋರಿಯಲ್ಲಿಡಿ. ಹುಡುಗರಿಗೆ ಗೊತ್ತಾದರೆ ಡಿಎನ್‌ಎಸ್ ಸೋಸುವಿಕೆ ಅವತ್ತಿಗೇ ಮುಗಿಯಿತು.

ತಂತಿ_ಬ್ಯಾಲಿ · ಹುಬ್ಬಳ್ಳಿ

ಕಲ್ಲಗ್ವಾಡಿ ಅಂದ್ರೆಲ್ಲಾ, ಅದಕ್ಕ ಮೊದಲ ತಂತಿ ಮಾತಾಡೂಣು. ಒಂದೂವರಿ ಫೂಟಿನ ಕಲ್ಲಿನಾಗ 5 ಗಿಗಾಹರ್ಟ್ಸ್ ವೈಫೈ ಸತ್ತಂಗ. ಅಂಗಡ್ಯಾಗ ಮೂರು ಡಬ್ಬಿ ಮೆಶ್ ಸೆಟ್ ಮಾರ್ತಾರ. ನಡುವ ತಂತಿ ಇಲ್ಲದ ಅದನ್ನ ಇಟ್ರ, ಎರಡನೇ ಡಬ್ಬಿ ಮೊದಲನೇದರ ಜೋಡಿ ಮಾತಾಡೂದ್ರಾಗ ಅರ್ಧ ವೇಗ ಕಳಕೋತೈತಿ, ಕಲ್ಲು ಉಳಿದದ್ದನ್ನ ನುಂಗತೈತಿ. ಅಂತಸ್ತಿಗೆ ಒಂದು ಆಕ್ಸೆಸ್ ಪಾಯಿಂಟ್ (ಎಪಿ, ವೈಫೈ ಬೀರೋ ಡಬ್ಬಿ), ಪ್ರತಿಯೊಂದಕ್ಕೂ ತಂತಿ. ಬ್ಯಾರೆ ದಾರಿ ಇಲ್ಲ.

ತಂತಿ ಕ್ಯಾಟ್6, ಅಚ್ಚ ತಾಮ್ರದ್ದು. ಅಗ್ಗದ ಪೆಟಗಿ ಮ್ಯಾಲ ಸಿಸಿಎ ಅಂತ ಸಣ್ಣ ಅಕ್ಷರದಾಗ ಇರತೈತಿ, ಒಮ್ಮೊಮ್ಮೆ ಅದೂ ಇರಂಗಿಲ್ಲ. ಅದು ತಾಮ್ರ ಬಳದ ಅಲ್ಯುಮಿನಿಯಂ. ಒಂದು ಎಳಿ ತಗದು ಬ್ಲೇಡಿಲೆ ಕೆರೀರಿ. ಒಳಗ ಬೆಳ್ಳಗ ಕಂಡ್ರ ಹೊಳ್ಳಿ ಕೊಡ್ರಿ. ಅದರ ರೋಧ ತಾಮ್ರಕ್ಕಿಂತ ಒಂದೂವರಿ ಪಟ್ಟು. ಪಿಓಇ (ನೆಟ್ ತಂತಿಯೊಳಗ ಕರೆಂಟ್) ಮ್ಯಾಲ ಕ್ಯಾಮೆರಾ ಹಚ್ಚಿದ್ರ ದೂರದ ತುದಿಗೆ ವೋಲ್ಟೇಜ್ ಬೀಳತೈತಿ. ರಾತ್ರಿ ಇನ್‌ಫ್ರಾರೆಡ್ ಲೈಟು ಹತ್ತಿದ ಕೂಡ್ಲೆ ಕ್ಯಾಮೆರಾ ರೀಸ್ಟಾರ್ಟ್ ಆಗೂದು ಇದರ ಗುರುತು. ಮಂದಿ ಕ್ಯಾಮೆರಾ ಬದಲಿ ಮಾಡ್ಕೋತ ಕುಂದರ್ತಾರ.

ಕಲ್ಲು ಕೊರಿಯೂದು ತ್ರಾಸು. ಹಳೇ ಮನ್ಯಾಗ ಬೆಳಕಿಂಡಿ, ಹೊಗಿ ಹೋಗೋ ದಾರಿ ಇರ್ತಾವ. ಅದರಾಗಿಂದ 25 ಎಂಎಂ ಪಿವಿಸಿ ಪೈಪ್ ಇಳಸ್ರಿ. ಒಂದ ಪೈಪಿನಾಗ ಎರಡು ತಂತಿ ಎಳೀರಿ, ಒಂದು ಖಾಲಿ ಇರಲಿ. ಕರೆಂಟ್ ವಾಯರಿನಿಂದ ಒಂದು ಫೂಟ್ ದೂರ. ದಾಟಬೇಕಾದ್ರ ಅಡ್ಡ ದಾಟಸ್ರಿ, ಜೋಡಿ ಓಡಸಬ್ಯಾಡ್ರಿ.

ತುದಿ ಕಟ್ಟೂದು ಬಿ ಪದ್ಧತಿ, ಎರಡೂ ಕಡೆ ಅದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸರು, ನೀಲಿ, ಬಿಳಿ-ನೀಲಿ, ಹಸರು, ಬಿಳಿ-ಕಂದು, ಕಂದು. ಗ್ವಾಡಿ ಒಳಗಿನ ತಂತಿಗೆ ಪ್ಲಗ್ ಹಾಕೂಕಿಂತ ಗ್ವಾಡಿ ಮ್ಯಾಲ ಸಾಕೆಟ್ ಕೂಡಸ್ರಿ, ಅಲ್ಲಿಂದ ರೆಡಿಮೇಡ್ ಪ್ಯಾಚ್ ತಂತಿ.

ವೈಫೈ ಸೆಟ್ಟಿಂಗ್: 2.4ಕ್ಕ 1, 6, 11 ಈ ಮೂರ ಚಾನಲ್, ಅಗಲ 20 ಮೆಗಾಹರ್ಟ್ಸ್. ಅಂತಸ್ತಿಗೊಂದು. 5ಕ್ಕ 36ರಿಂದ 48 ಇಲ್ಲಾ 149ರಿಂದ 161. ನಡುವಿನ 52ರಿಂದ 144 ರಡಾರ್ ಚಾನಲ್. ಎಪಿ ಸುರುವಾದಾಗ ಕಮ್ಮಿ ಅಂದ್ರ ಒಂದು ನಿಮಿಷ ಕೇಳಿಸ್ಕೊಂಡ ಕುಂದರತೈತಿ, ರಡಾರ್ ಅನಿಸಿದ್ರ ಭಡಕ್ಕನ ಜಾಗಾ ಬಿಡತೈತಿ. ಮೂರೂ ಎಪಿಗೆ ಒಂದ ಹೆಸರು, ಒಂದ ಗುಪ್ತಪದ. 2.4ರ ಪವರ್ ಕಮ್ಮಿ ಮಾಡ್ರಿ. ಪೂರ್ತಿ ಇಟ್ರ ಮ್ಯಾಲಿನ ಅಂತಸ್ತಿಗೆ ಹೋದ ಫೋನು ಕೆಳಗಿನ ಎಪಿನ ಬಿಡಂಗಿಲ್ಲ.

ಎರಿಭೂಮಿ · ಹಾವೇರಿ

ಕರೆಂಟಿನ ಲೆಕ್ಕ ಯಾರೂ ಹಾಕಲಿಲ್ಲ. ಮಿನಿ ಪಿಸಿ 12 ವ್ಯಾಟ್, ಡಿಸ್ಕ್ 6, ಓಎನ್‌ಟಿ 8, ರೂಟರ್ 8, ಸ್ವಿಚ್ 5, ರೂಟರ್ ಬಿಟ್ಟು ಉಳಿದ ಎರಡು ಎಪಿ 16, ನಾಕು ಕ್ಯಾಮೆರಾ 20. ಕೂಡಿಸಿದ್ರ 75. ತಿಂಗಳಿಗೆ 54 ಯೂನಿಟ್. ಗೃಹಜ್ಯೋತಿ ಇದ್ದ ಮನಿ ಆದ್ರ ಇದನ್ನ ನೋಡಬೇಕಾಗತೈತಿ: ನಿಮ್ಮ ಪಾಲು 200 ಯೂನಿಟ್ ಅಲ್ಲ, 2022-23ರ ಸರಾಸರಿ ಮ್ಯಾಲ ಶೇಕಡಾ 10. ಅದರ ಮ್ಯಾಲ ಬಂದದ್ದಕ್ಕ ಬಿಲ್ಲು. 200 ದಾಟಿದ್ರ ಪೂರ್ತಿ ಬಿಲ್ಲು. ಅದಕ್ಕ ಗೇಮಿಂಗ್ ಪಿಸಿ ಹಳೇದು ಐತಿ ಅಂತ ಅದನ್ನ ಸರ್ವರ್ ಮಾಡಬ್ಯಾಡ್ರಿ, ಅದೊಂದ 60-70 ವ್ಯಾಟ್ ಖಾಲಿ ಕುಂತ ತಿಂತೈತಿ.

ಇನ್ವರ್ಟರ್. 12 ವೋಲ್ಟ್ 150 ಎಎಚ್ ಬ್ಯಾಟರಿ ಅಂದ್ರ ಕಾಗದದ ಮ್ಯಾಲ 1800 ವ್ಯಾಟ್-ತಾಸು. ಸೀಸದ ಬ್ಯಾಟರಿ ಅರ್ಧಕ್ಕಿಂತ ಕೆಳಗ ಇಳಿಸಿದ್ರ ಆಯುಷ್ಯ ಕಮ್ಮಿ ಆಗತೈತಿ, ಅಂದ್ರ 900. ಇನ್ವರ್ಟರ್ ತಿನ್ನೂದು ತಗದ್ರ 720. ಇವು 75 ಜೊತಿಗೆ ಫ್ಯಾನು-ಲೈಟು ಕೂಡಿ 200 ವ್ಯಾಟ್ ಆದ್ರ ಮೂರೂವರಿ ತಾಸು. ನಾಕು ವರ್ಷದ ಬ್ಯಾಟರಿ ಆದ್ರ ಅದರ ಅರ್ಧ ಹಿಡೀರಿ.

ಇನ್ವರ್ಟರ್ ಹಿಂದ ಒಂದು ಸ್ವಿಚ್ ಇರತೈತಿ, ಯುಪಿಎಸ್ ಮತ್ತ ಇಕೋ ಅಥವಾ ನಾರ್ಮಲ್ ಅಂತ. ಅದು ಯುಪಿಎಸ್ ಕಡೆ ಇರಬೇಕು. ನಾರ್ಮಲ್‌ನಾಗ ಕರೆಂಟ್ ಹೋಗಿ ಇನ್ವರ್ಟರ್ ಬರೂದ್ರಾಗ ಮಿನಿ ಪಿಸಿ ಒಮ್ಮೆ ಸತ್ತ ಏಳತೈತಿ. ಟ್ಯೂಬ್‌ಲೈಟು ಮಿಣಕ್ ಅಂದಷ್ಟ ನಿಮಗ ಕಾಣತೈತಿ, ಆದ್ರ ಡೇಟಾಬೇಸ್ ಹಾಳಾಗಾಕ ಅಷ್ಟು ಸಾಕು. ಓಎನ್‌ಟಿ, ರೂಟರಿಗೆ 12 ವೋಲ್ಟಿನ ಸಣ್ಣ ಡಿಸಿ ಯುಪಿಎಸ್ ಹಚ್ರಿ. ಪಿನ್ನಿನ ಒಳಗ ಪ್ಲಸ್ಸೋ ಮೈನಸ್ಸೋ ಮೊದಲ ನೋಡ್ರಿ.

ಸರ್ವರಿಗೆ ಯುಎಸ್‌ಬಿ ತಂತಿ ಇರೋ 600 ವಿಎ ಯುಪಿಎಸ್, ನಟ್ ತಂತ್ರಾಂಶ. ಬ್ಯಾಟರಿ ಕಮ್ಮಿ ಅಂದಾಗ ಅದು ಸರ್ವರನ್ನ ಮರ್ಯಾದಿಲೆ ಮಲಗಸತೈತಿ. ಇನ್ವರ್ಟರ್ ಚೌಕ ತರಂಗದ್ದಾದ್ರ ಇದು ಅದರ ಕರೆಂಟು ಒಪ್ಪದ ಬ್ಯಾಟರಿ ಮ್ಯಾಲ ಓಡತೈತಿ. ಸೈನ್ ವೇವ್ ಬೇಕು.

ಕಡೀಕ ಅರ್ಥಿಂಗ್. ನಮ್ಮ ಕಡೆ ಎರಿ ಭೂಮಿ ಬ್ಯಾಸಿಗ್ಯಾಗ ಬಿರಕು ಬಿಡತೈತಿ, ಅರ್ಥಿಂಗ್ ಸಳಿ ಸುತ್ತ ಮಣ್ಣು ಸರದು ಖಾಲಿ ಆಗತೈತಿ. ಮಲ್ಟಿಮೀಟರಿಲೆ ನ್ಯೂಟ್ರಲ್-ಅರ್ಥ್ ನಡುವ ನೋಡ್ರಿ. 3 ವೋಲ್ಟಿನ ಒಳಗ ಇರಬೇಕು. ಏಪ್ರಿಲ್-ಮೇದಾಗ ಗುಂಡಿಗೆ ವಾರಕ್ಕೊಮ್ಮೆ ನೀರು. ಗೇಟಿನ ಕ್ಯಾಮೆರಾ ಮನಿಯಿಂದ ದೂರ ಇದ್ರ ಅಲ್ಲಿಗೆ ತಾಮ್ರ ಒಯ್ಯಬ್ಯಾಡ್ರಿ. ಒಂದು ಜೋಡಿ ಮೀಡಿಯಾ ಕನ್ವರ್ಟರ್, ನಡುವ ಫೈಬರ್. ಅಡ್ಡಮಳಿ ಸಿಡಲು ದೂರ ಬಿದ್ರೂ ಎರಡು ಜಾಗದ ನೆಲದ ವೋಲ್ಟೇಜ್ ಬ್ಯಾರೆ ಆಗತೈತಿ, ಆ ವ್ಯತ್ಯಾಸ ತಾಮ್ರದ ಮ್ಯಾಲ ಹಾಯ್ದು ಸ್ವಿಚ್ಚಿನ ಪೋರ್ಟ್ ಸುಡತೈತಿ. ಫೈಬರಿಗೆ ಆಧಾರ ಕೊಡೋ ಉಕ್ಕಿನ ಎಳಿ ಇದ್ರ ಅದನ್ನ ಡಬ್ಬಿಯೊಳಗ ತರಬ್ಯಾಡ್ರಿ, ಹೊರಗ ಕತ್ತರಸ್ರಿ.

ಗೋಕುಲ_ಗೇಟ್‌ವೇ · ಹುಬ್ಬಳ್ಳಿ

> ಮರ್ಯಾದಿಲೆ ಮಲಗಸತೈತಿ

ಮಲಗಿದ್ದು ಏಳಬೇಕಲ್ಲಾ. ಬಯೋಸ್‌ದಾಗ (ಪಿಸಿಯ ಮೂಲ ಸೆಟ್ಟಿಂಗ್) ಕರೆಂಟ್ ಬಂದ ಮ್ಯಾಲ ತಾನ ಚಾಲೂ ಆಗೋ ಆಯ್ಕೆ ಹಚ್ರಿ. ಅದೂ ಸಾಲಂಗಿಲ್ಲ. ನಟ್ ಸರ್ವರ್ ಮಲಗಿಸಿದ ಮ್ಯಾಲ, ಯುಪಿಎಸ್ ಇನ್ನೂ ಜೀವ ಇದ್ದಾಗ ಕರೆಂಟ್ ಬಂದ್ರ? ಪಿಸಿಗೆ ಕರೆಂಟ್ ಹೋಗೇ ಇಲ್ಲ, ಹಂಗಾಗಿ ಏಳಂಗಿಲ್ಲ. ನಟ್‌ದಾಗ ಕಿಲ್‌ಪವರ್ ಅಂತ ಐತಿ: ಮಲಗಿಸಿದ ಮ್ಯಾಲ ಯುಪಿಎಸ್‌ಗೆ ಔಟ್‌ಪುಟ್ ಕಡೀ ಅಂತ ಹೇಳತೈತಿ, ಕರೆಂಟ್ ಬಂದ ಮ್ಯಾಲ ಹೊಳ್ಳಿ ಕೊಡತೈತಿ. ಅಗ್ಗದ ಯುಪಿಎಸ್ ಕೆಲವು ಈ ಮಾತು ಕೇಳಂಗಿಲ್ಲ. ಅಂಥದ್ದಕ್ಕ ರೂಟರಿನಿಂದ ವೇಕ್-ಆನ್-ಲ್ಯಾನ್ (ನೆಟ್ ತಂತಿ ಮ್ಯಾಲ ಎಬ್ಬಿಸೋ ಸಂದೇಶ) ಕಳಸೋ ಸಣ್ಣ ಕ್ರಾನ್ (ವ್ಯಾಳೇಕ್ಕ ತಾನ ಓಡೋ) ಸಾಲು ಬರೀರಿ, ಹತ್ತು ನಿಮಿಷಕ್ಕೊಮ್ಮೆ. ಎದ್ದ ಯಂತ್ರಕ್ಕ ಅದರಿಂದ ಏನೂ ಆಗಂಗಿಲ್ಲ. ಕರೆಂಟ್ ಇಲ್ಲದ ಹೊತ್ತಿನಾಗೂ ಅದು ಎಬ್ಬಿಸಬಾರದು ಅಂದ್ರ ಸಾಲಿನಾಗ ಒಂದು ಷರತ್ತು ಹಾಕ್ರಿ: ಇನ್ವರ್ಟರ್ ಮ್ಯಾಲ ಇಲ್ಲದ ಯಾವುದರೆ ಸಾಧನ, ಟಿವಿ ಪೆಟಗಿ ಅಂಥದ್ದು, ಪಿಂಗ್‌ಗೆ ಓ ಅಂದ್ರಷ್ಟ ಕಳಸಬೇಕು.

ಮಾಳಮಡ್ಡಿ_ಮನಿ · ಧಾರವಾಡ

ಡಿಎನ್‌ಎಸ್ ಸರ್ವರಿನ ಮ್ಯಾಲ ಇಟ್ಟು, ಎರಡನೇದು ಗೂಗಲ್‌ನ 8.8.8.8 ಕೊಟ್ರ ಆತಲ್ಲಾ? ಸರ್ವರ್ ಸತ್ರ ಎರಡನೇದು ನೋಡ್ಕೋತೈತಿ.

ಬೆಟಗೇರಿ_ರೂಟ್ · ಗದಗ

ಎಲ್ಲರೂ ಹಾಗೇ ತಿಳಿದಿರುತ್ತಾರೆ. ಎರಡನೇ ಡಿಎನ್‌ಎಸ್ ಅನ್ನುವುದು ಮೀಸಲು ಅಲ್ಲ. ಫೋನ್‌ಗಳು ತಮಗೆ ಬೇಗ ಉತ್ತರ ಕೊಟ್ಟವರನ್ನು ಕೇಳುತ್ತವೆ. ಅರ್ಧ ಜಾಹೀರಾತು ಬರುತ್ತವೆ, ಅರ್ಧ ಬರುವುದಿಲ್ಲ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ.

ನಡುಮನಿ · ಧಾರವಾಡ

ಹಿರಿಯರ ದೃಷ್ಟಿಯಿಂದ ನೋಡಿದರೆ ಜಾಹೀರಾತು ಸೋರಿದರೂ ಪರವಾಗಿಲ್ಲ, ನೆಟ್ ನಿಲ್ಲಬಾರದು. ಶುದ್ಧತೆಗಾಗಿ ಪಟ್ಟು ಹಿಡಿಯಬೇಡಿ.

ಬೆಟಗೇರಿ_ರೂಟ್ · ಗದಗ

ಎರಡೂ ಆಗುವ ದಾರಿ ಇದೆ: ಆಡ್‌ಗಾರ್ಡ್ ಹೋಮ್ (ಜಾಹೀರಾತು ಸೋಸುವ ಡಿಎನ್‌ಎಸ್) ರೂಟರಿನಲ್ಲೇ ನಡೆಸಿ. 512 ಎಂಬಿ ಅಂದದ್ದು ಅದಕ್ಕೇ. ಸರ್ವರ್ ಇರಲಿ ಬಿಡಲಿ, ಡಿಎನ್‌ಎಸ್ ನಡೆಯುತ್ತದೆ. ಮೊದಲು ಒಂದೇ ತಡೆಪಟ್ಟಿ ಹಚ್ಚಿ. ಐದಾರು ಪಟ್ಟಿ ಒಮ್ಮೆಲೆ ತುಂಬಿದರೆ ಬ್ಯಾಂಕಿನ ಆ್ಯಪ್ ಒಟಿಪಿ ಪುಟದಲ್ಲಿ ನಿಲ್ಲುತ್ತದೆ, ಯಾವ ಪಟ್ಟಿಯ ಕೆಲಸ ಅಂತ ಹುಡುಕುವುದು ಕಷ್ಟ.

ಸೋರಿಕೆ ಆಗುವ ಜಾಗಗಳು ಇವು. ಒಂದು, ಐಪಿವಿ6, ಅಂದರೆ ಹೊಸ ಪೀಳಿಗೆಯ ವಿಳಾಸ ಪದ್ಧತಿ. ಫೋನ್ ಓಎನ್‌ಟಿಯ ವೈಫೈಗೆ ನೇರ ಕೂತರೆ ಅಥವಾ ನಿಮ್ಮ ರೂಟರ್ ಕಂಪನಿಯ ಐಪಿವಿ6 ಡಿಎನ್‌ಎಸ್ ವಿಳಾಸವನ್ನು ಹಾಗೇ ದಾಟಿಸಿದರೆ, ಐಪಿವಿ4ರಲ್ಲಿ ಎಷ್ಟು ಚೊಕ್ಕ ಮಾಡಿದರೂ ವ್ಯರ್ಥ. ಆಂಡ್ರಾಯ್ಡ್ ಡಿಎನ್‌ಎಸ್ ವಿಳಾಸವನ್ನು ಡಿಎಚ್‌ಸಿಪಿವಿ6ರಿಂದ ತಗೊಳ್ಳುವುದಿಲ್ಲ, ರೂಟರ್ ತಾನೇ ಸಾರುವ ಸಂದೇಶದಲ್ಲಿನ ಆರ್‌ಡಿಎನ್‌ಎಸ್‌ಎಸ್ (ಡಿಎನ್‌ಎಸ್ ವಿಳಾಸದ ಸಾಲು) ಮಾತ್ರ ಅದು ಕೇಳುತ್ತದೆ. ಅಲ್ಲಿ ರೂಟರಿನದೇ ವಿಳಾಸ ಹೋಗುವಂತೆ ಮಾಡಿ. ಎರಡು, ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್: ಆಟೋಮ್ಯಾಟಿಕ್ ಇದ್ದರೆ ತೊಂದರೆ ಇಲ್ಲ, ಯಾವುದಾದರೂ ಹೆಸರು ಬರೆದಿದ್ದರೆ ಅದು 853ನೇ ಪೋರ್ಟಿನ ಮೇಲೆ ನೇರ ಹೊರಗೆ ಹೋಗುತ್ತದೆ. ಮೂರು, ಬ್ರೌಸರಿನೊಳಗಿನ ಡಿಎನ್‌ಎಸ್. ಇನ್ನು, ಯೂಟ್ಯೂಬಿನ ಜಾಹೀರಾತು ಡಿಎನ್‌ಎಸ್‌ನಿಂದ ಹೋಗುವುದಿಲ್ಲ. ವಿಡಿಯೋ ಬರುವ ಹೆಸರಿನಿಂದಲೇ ಅದೂ ಬರುತ್ತದೆ.

ಗಡಿಯಾರದ ಒಂದು ಗಂಟು ಇದೆ. ಬಹಳ ರೂಟರುಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ದೊಡ್ಡ ಕರೆಂಟ್ ಕಡಿತದ ನಂತರ ಎದ್ದಾಗ ಹಳೆ ತಾರೀಖಿನಲ್ಲಿ ಇರುತ್ತದೆ. ಗೂಢಲಿಪಿಯ ಡಿಎನ್‌ಎಸ್‌ಗೆ ಸರಿಯಾದ ಸಮಯ ಬೇಕು, ಇಲ್ಲದಿದ್ದರೆ ಪ್ರಮಾಣಪತ್ರ ಒಪ್ಪುವುದಿಲ್ಲ. ಸಮಯ ಕೇಳಲು ಎನ್‌ಟಿಪಿ ಸರ್ವರಿನ ಹೆಸರು ಬಿಡಿಸಬೇಕು, ಅದಕ್ಕೆ ಡಿಎನ್‌ಎಸ್ ಬೇಕು. ಎರಡೂ ಒಂದನ್ನೊಂದು ಕಾಯುತ್ತ ಕೂರುತ್ತವೆ. ಬಿಡಿಸುವುದು ಸುಲಭ: ಎನ್‌ಟಿಪಿಗೆ ಹೆಸರಿನ ಬದಲು ಒಂದಾದರೂ ಅಂಕಿಯ ವಿಳಾಸ ಕೊಡಿ.

ತಂತಿ_ಬ್ಯಾಲಿ · ಹುಬ್ಬಳ್ಳಿ

ಈ ಗಡಿಯಾರದ್ದು ಯಾರೂ ಹೇಳಂಗಿಲ್ಲ. ಚಲೋ ಆತು.

ಗೋಕುಲ_ಗೇಟ್‌ವೇ · ಹುಬ್ಬಳ್ಳಿ

ಪುಣೆಯಿಂದ ಒಳಗ ಬರೂದು. ಸಿಜಿನ್ಯಾಟ್ ಇದ್ರ ಟೇಲ್‌ಸ್ಕೇಲ್ ಅನ್ನೋ ವಿಪಿಎನ್ ಸರಳ. ಒಳಗಿಂದ ಹೊರಗ ತಾನ ದಾರಿ ಮಾಡ್ಕೋತೈತಿ. ಸರ್ವರಿನ ಮ್ಯಾಲ ಹಾಕಿ 10.58.10.0/24 ಸಬ್‌ನೆಟ್ (ಮನಿಯ ವಿಳಾಸ ಸರಣಿ) ಸಾರಸ್ರಿ, ಐಪಿ ಫಾರ್ವರ್ಡಿಂಗ್ (ಬಂದದ್ದನ್ನ ಮುಂದ ದಾಟಸೂದು) ಹಚ್ರಿ, ಅವರ ನಿರ್ವಹಣಾ ಪುಟದಾಗ ಹೋಗಿ ಮಂಜೂರ ಮಾಡ್ರಿ. ಈ ಕಡೀದ್ದು ಮರತು ತಾಸುಗಟ್ಟಲೆ ಹುಡಕ್ತಾರ ಮಂದಿ.

ಇನ್ನೊಂದು ಭಾಳ ಮುಖ್ಯ: ಕೀಲಿ ಅವಧಿ. ಸಾಮಾನ್ಯವಾಗಿ 180 ದಿನಕ್ಕ ಕೀಲಿ ಮುಗೀತೈತಿ. ಸರ್ವರಿಗೆ ಅದನ್ನ ಬಂದ್ ಮಾಡಿರಲಿಲ್ಲಂದ್ರ ಆರು ತಿಂಗಳ ಮ್ಯಾಲ ಒಂದಿನ ಬಾಗಲಾ ಹಾಕ್ಕೋತೈತಿ, ತಗಿಯಾಕ ಮನಿಗೇ ಬರಬೇಕು. ರೂಟರಿನ ಮ್ಯಾಲೂ ಟೇಲ್‌ಸ್ಕೇಲ್ ಹಾಕ್ರಿ. ಸರ್ವರ್ ಸತ್ತಾಗ ಎಬ್ಬಸಾಕ ಎರಡನೇ ಬಾಗಲಾ ಅದು.

ಕ್ಲೌಡ್‌ಫ್ಲೇರ್ ಟನಲ್ (ಆ ಕಂಪನಿ ಮೂಲಕ ಹೊರಗಿಂದ ಬರೋ ಇನ್ನೊಂದು ದಾರಿ) ಕೇಳೂವ್ರಿಗೆ: ಪುಕ್ಕಟೆ ಯೋಜನೆದಾಗ ಒಂದು ಅಪ್‌ಲೋಡ್ 100 ಎಂಬಿ ದಾಟಂಗಿಲ್ಲ. ಫೋಟೋ ಹೋಗ್ತಾವ, ಮದುವಿ ವಿಡಿಯೋ ಹೋಗಂಗಿಲ್ಲ, ಆ್ಯಪ್ ಸುಮ್ನ ತಿರಗ್ಕೋತ ಇರತೈತಿ.

ನಡುಮನಿ · ಧಾರವಾಡ

ಫೋಟೋಕ್ಕೆ ಇಮ್ಮಿಚ್ ಎಂಬ ತಂತ್ರಾಂಶ. ಮನೆಯವರೆಲ್ಲರ ಫೋನಿಗೆ ವಿಪಿಎನ್ ಹಾಕುವ ಗೋಜು ಬೇಡ; ಮನೆಯ ವೈಫೈಗೆ ಬಂದಾಗ ಏರಿದರೆ ಸಾಕು. ಹೆಚ್ಚು ಕಾಡುವುದು ಸರ್ವರ್ ಅಲ್ಲ, ಫೋನಿನ ಬ್ಯಾಟರಿ ಉಳಿತಾಯ. ಆ್ಯಪ್‌ಗೆ ನಿರ್ಬಂಧ ಬೇಡ ಅಂತ ಬ್ಯಾಟರಿ ಸೆಟ್ಟಿಂಗಿನಲ್ಲಿ ಹೇಳಬೇಕು, ಆಟೋಸ್ಟಾರ್ಟ್ ಇದ್ದರೆ ಅದನ್ನೂ ಹಚ್ಚಬೇಕು. ಫೋನ್ ಅಪ್‌ಡೇಟ್ ಆದಾಗ ಇವು ಮತ್ತೆ ಹಳೆ ಸ್ಥಿತಿಗೆ ಹೋಗುವುದುಂಟು. ಕ್ಯಾಮೆರಾ ಆಲ್ಬಮ್ ಮಾತ್ರ ಆರಿಸಿ. ವಾಟ್ಸಾಪ್ ಆಲ್ಬಮ್ ಸೇರಿಸಿದರೆ ಹಿರಿಯರ ಫೋನಿನಿಂದ ಶುಭೋದಯದ ಗುಲಾಬಿಗಳೇ ಡಿಸ್ಕ್ ತುಂಬುತ್ತವೆ.

ಡೇಟಾಬೇಸ್ ಎನ್‌ವಿಎಂಇ ಮೇಲಿರಲಿ, ಮೂಲ ಫೋಟೋ ದೊಡ್ಡ ಡಿಸ್ಕಿನಲ್ಲಿ.

ಕಾಗದಕ್ಕೆ ಪೇಪರ್‌ಲೆಸ್-ಎನ್‌ಜಿಎಕ್ಸ್. ಅದರೊಳಗಿನ ಟೆಸೆರಾಕ್ಟ್‌ಗೆ (ಚಿತ್ರದ ಅಕ್ಷರ ಓದುವ ತಂತ್ರಾಂಶ) ಕನ್ನಡ ಬರುತ್ತದೆ, ಆದರೆ ಕನ್ನಡದ ಕಡತ ಬೇರೆಯಾಗಿ ಸೇರಿಸಬೇಕು. ಓದುವ ಭಾಷೆಯನ್ನು ಕನ್ನಡ ಮತ್ತು ಇಂಗ್ಲಿಷ್ ಎರಡೂ ಅಂತ ಇಡಿ. ಸ್ಕ್ಯಾನ್ 300 ಡಿಪಿಐ. ಫೋನಿನಿಂದ ತೆಗೆದ ಓರೆ ಚಿತ್ರದಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ.

ಉತಾರದ ವಿಷಯದಲ್ಲಿ ಯಂತ್ರವನ್ನು ನಂಬಬೇಡಿ. ಕೈಬರಹ ಅದಕ್ಕೆ ಓದಲು ಬರುವುದಿಲ್ಲ. ಈ ಭಾಗ ಮುಂಬೈ ಪ್ರಾಂತದಲ್ಲಿದ್ದ ಕಾಲದ ಮತ್ತು ಅದಕ್ಕೂ ಹಿಂದಿನ ಕೆಲವು ಕಾಗದ ಮೋಡಿ ಲಿಪಿಯಲ್ಲಿ (ಮರಾಠಿಯ ಹಳೆ ಕೂಡುಬರಹ) ಇವೆ, ಅವಂತೂ ಆಗುವ ಮಾತಲ್ಲ. ಅಚ್ಚಾದ ಕಾಗದದಲ್ಲೂ ಒಂದು ತೊಡಕು: ಹಳೆಯದರಲ್ಲಿ ಸರ್ವೆ ನಂಬರ್ ೪೫ ಎಂದಿರುತ್ತದೆ, ಹೊಸದರಲ್ಲಿ 45. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಅದಕ್ಕೆ ಶೀರ್ಷಿಕೆಯಲ್ಲೇ ಕೈಯಿಂದ ಬರೆಯಿರಿ: ಊರು, ಸರ್ವೆ ನಂಬರ್ 45, ಹಿಸ್ಸಾ, ವರ್ಷ. ಪ್ರತಿ ಮೂಲ ಕಾಗದದ ಮೂಲೆಗೆ ಪೆನ್ಸಿಲಿನಲ್ಲಿ ಕ್ರಮಸಂಖ್ಯೆ ಹಾಕಿ, ಅದನ್ನೇ ಪೇಪರ್‌ಲೆಸ್‌ನ ದಾಖಲೆ ಸಂಖ್ಯೆಯ ಜಾಗದಲ್ಲಿ ತುಂಬಿ. ತಿಜೋರಿಯ ಫೈಲು ಅದೇ ಸಂಖ್ಯೆಯ ಸಾಲಿನಲ್ಲಿದ್ದರೆ ಅಸಲು ಪ್ರತಿ ಅರ್ಧ ನಿಮಿಷದಲ್ಲಿ ಕೈಗೆ ಬರುತ್ತದೆ.

ಡಿಸ್ಕ್_ಜೋಡಿ · ರಾಣೇಬೆನ್ನೂರ

ಬ್ಯಾಕಪ್ ಎಲ್ಲೈತ್ರಿ? ಎರಡು ಡಿಸ್ಕ್ ರೇಡ್ ಮಾಡಿದ್ರ (ಒಂದ ಡೇಟಾ ಎರಡಕ್ಕೂ ಬರದ್ರ) ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ್ದು ಎರಡರಾಗೂ ಅಳೀತೈತಿ.

ರೆಸ್ಟಿಕ್ ಅನ್ನೋ ಬ್ಯಾಕಪ್ ತಂತ್ರಾಂಶ ಹಚ್ರಿ. ದಿನದ್ದು 7, ವಾರದ್ದು 4, ತಿಂಗಳದ್ದು 12 ಇಟ್ಟು ಉಳಿದದ್ದು ತಗೀರಿ. ಒಂದು ಪ್ರತಿ ಅದ ಮನ್ಯಾಗ ಬ್ಯಾರೆ ಡಿಸ್ಕಿಗೆ, ಇನ್ನೊಂದು ಬ್ಯಾರೆ ಊರಿಗೆ. ಧಾರವಾಡಕ್ಕ ಹುಬ್ಬಳ್ಳಿ 20 ಕಿಲೋಮೀಟರ್, ಅದೂ ನಡೀತೈತಿ. ಗದಗ ಇಲ್ಲಾ ಹಾವೇರ್ಯಾಗ ಬಳಗ ಇದ್ರ ಇನ್ನೂ ಚಲೋ. ಅಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈ ಅಗಲದ ಕಂಪ್ಯೂಟರ್), ಒಂದು ಡಿಸ್ಕ್, ಟೇಲ್‌ಸ್ಕೇಲ್ ಸಾಕು. ಪೈಗೆ ಎಸ್‌ಡಿ ಕಾರ್ಡಿನ ಬದಲಿ ಎಸ್‌ಎಸ್‌ಡಿ ಹಾಕ್ರಿ. ಮೊದಲನೇ ಪ್ರತಿ ನೆಟ್ ಮ್ಯಾಲ ಕಳಸಬ್ಯಾಡ್ರಿ: 1 ಟಿಬಿಗೆ 100 ಎಂಬಿಪಿಎಸ್ ಪೂರ್ತಿ ಸಿಕ್ರೂ 22 ತಾಸು, ಖರೇ ನೋಡಿದ್ರ ಎರಡ್ಮೂರು ದಿನ. ಡಿಸ್ಕ್ ಮನ್ಯಾಗ ತುಂಬಿ ಬಸ್ಸಿನಾಗ ಒಯ್ದು ಇಡ್ರಿ, ಮುಂದಿಂದು ದಿನದ ಬದಲಾವಣಿ ಅಷ್ಟ ಹೋಗತೈತಿ.

ಓಡೋ ಡೇಟಾಬೇಸಿನ ಕಡತ ಹಂಗ ನಕಲು ಮಾಡಬ್ಯಾಡ್ರಿ, ಅರ್ಧಮರ್ಧ ಬರತೈತಿ. ಇಮ್ಮಿಚ್ ತಾನ ರಾತ್ರಿ 2ಕ್ಕ ಡಂಪ್ (ಡೇಟಾಬೇಸಿನ ಪೂರ್ತಿ ಪ್ರತಿ) ತಗದು ಬ್ಯಾಕಪ್ಸ್ ಅನ್ನೋ ಕಡತಕೋಶದಾಗ ಇಡತೈತಿ. ರೆಸ್ಟಿಕ್ 3ಕ್ಕ ಓಡಸ್ರಿ, ಡಂಪ್ ಅದರಾಗ ಬರತೈತಿ. ಪೇಪರ್‌ಲೆಸ್‌ಗೆ ಅದರದ ಎಕ್ಸ್‌ಪೋರ್ಟರ್ ಐತಿ.

ರೆಸ್ಟಿಕ್ ಗುಪ್ತಪದ ಕಾಗದದ ಮ್ಯಾಲ, ಎರಡು ಊರಾಗ. ಸರ್ವರಿನ ಒಳಗಷ್ಟ ಇದ್ರ ಸರ್ವರ್ ಜೋಡಿ ಅದೂ ಹೋತು, ಬ್ಯಾಕಪ್ ಇದ್ದೂ ಇಲ್ಲದಂಗ. ಮೂರು ತಿಂಗಳಿಗೊಮ್ಮೆ ಯಾವುದರೆ ಒಂದು ಕಡತಕೋಶ ಹೊರಗ ತಗದು ಫೋಟೋ ತೆರೀತಾವೇನು ನೋಡ್ರಿ.

ಡಿಸ್ಕಿನ ಆರೋಗ್ಯ: ಸ್ಮಾರ್ಟ್ ಪಟ್ಟಿಯೊಳಗ (ಡಿಸ್ಕ್ ತಾನ ಇಡೋ ಆರೋಗ್ಯದ ಲೆಕ್ಕ) 5, 197, 198 ನಂಬರಿನ ಈ ಮೂರು ಸೊನ್ನಿ ಇರಬೇಕು. 197 ಏರಾಕ ಹತ್ತಿದ್ರ ಡಿಸ್ಕ್ ಬದಲಿ ತರಸ್ರಿ. 199 ಅಷ್ಟ ಏರಿದ್ರ ಡಿಸ್ಕ್ ಚಲೋ ಐತಿ, ತಂತಿ ಹಾಳು.

ಬೆಟಗೇರಿ_ರೂಟ್ · ಗದಗ

ಇದಕ್ಕೆ ಒಂದು ಸೇರಿಸುತ್ತೇನೆ, ಯುಎಸ್‌ಬಿ ಡಿಸ್ಕ್ ಇರುವವರೆಲ್ಲ ಓದಬೇಕಾದ್ದು. ಕರೆಂಟ್ ಬಂದಾಗ ಡಿಸ್ಕ್ ತಡವಾಗಿ ಎದ್ದರೆ ಮೌಂಟ್ ಆಗುವುದಿಲ್ಲ, ಅಂದರೆ ತನ್ನ ಕಡತಕೋಶಕ್ಕೆ ಜೋಡಣೆಯಾಗುವುದಿಲ್ಲ. ಡಾಕರ್‌ಗೆ ಅದು ಗೊತ್ತಾಗುವುದಿಲ್ಲ; ಅದೇ ಹೆಸರಿನ ಖಾಲಿ ಕಡತಕೋಶದಲ್ಲಿ, ಅಂದರೆ ಎನ್‌ವಿಎಂಇ ಮೇಲೆ, ಬರೆಯಲು ಶುರುಮಾಡುತ್ತದೆ. ಅದು ತುಂಬಿದಾಗ ಎಲ್ಲವೂ ನಿಲ್ಲುತ್ತದೆ. ಆಮೇಲೆ ಡಿಸ್ಕ್ ಮೌಂಟ್ ಆದರೆ ಆ ನಡುವಿನ ಕಡತಗಳು ಕಾಣೆ. ಇಮ್ಮಿಚ್ ತಾನೇ ಒಂದು ಗುರುತಿನ ಕಡತ ಇಟ್ಟು, ಅದು ಕಾಣದಿದ್ದರೆ ಏಳುವುದಿಲ್ಲ. ಉಳಿದವು ಅಷ್ಟು ಜಾಣ ಅಲ್ಲ.

ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್ ಪಟ್ಟಿಯ ಕಡತ) ಡಿಸ್ಕನ್ನು ಯುಯುಐಡಿಯಿಂದ (ಅದರದೇ ಗುರುತಿನ ಸಂಖ್ಯೆ) ಹೆಸರಿಸಿ, ನೋಫೇಲ್ (ಸಿಗದಿದ್ದರೂ ಮುಂದೆ ಹೋಗು) ಹಾಕಿ; ಇಲ್ಲದಿದ್ದರೆ ಡಿಸ್ಕ್ ಸಿಗದೆ ಯಂತ್ರ ಬೂಟ್ ನಡುವೆಯೇ ನಿಲ್ಲುತ್ತದೆ, ಪರದೆ ಇಲ್ಲದ ಪೆಟ್ಟಿಗೆಯಲ್ಲಿ ಅದು ಕಾಣುವುದೂ ಇಲ್ಲ. ಡಾಕರ್ ಸೇವೆಗೆ ಆ ಮೌಂಟ್ ಬೇಕೇ ಬೇಕು ಅಂತ ಸಿಸ್ಟಂಡಿಯಲ್ಲಿ (ಸೇವೆಗಳನ್ನು ಎಬ್ಬಿಸುವ ವ್ಯವಸ್ಥೆ) ಷರತ್ತು ಬರೆಯಿರಿ. ಡಿಸ್ಕ್ ಕಿತ್ತಿಟ್ಟು, ಖಾಲಿ ಕಡತಕೋಶಕ್ಕೆ ಚಾಟರ್ ಆಜ್ಞೆಯಿಂದ ಬದಲಾಗದ ಗುರುತು ಹಾಕಿಬಿಡಿ. ಮೌಂಟ್ ಆಗದಾಗ ಯಾರೂ ಅಲ್ಲಿ ಬರೆಯಲಾರರು.

ಡಾಕರಿನ ಲಾಗ್‌ಗೆ ಮಿತಿ ಇಡಿ, 10 ಎಂಬಿಯ ಮೂರು ಕಡತ. ಮಿತಿ ಹಾಕದಿದ್ದರೆ ಬೆಳೆಯುತ್ತಲೇ ಹೋಗುತ್ತದೆ. ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದೇನೆ ಅಂತ ನಿಶ್ಚಿಂತರಾಗಬೇಡಿ, ಡಾಕರ್ ತೆರೆದ ಪೋರ್ಟ್ ಅದನ್ನು ಬದಿಗಿಟ್ಟು ಹೋಗುತ್ತದೆ. ಲೇಟೆಸ್ಟ್ ಎಂಬ ಗುರುತು ಬೇಡ, ಆವೃತ್ತಿ ಸಂಖ್ಯೆ ಬರೆಯಿರಿ. ಅಪ್‌ಡೇಟ್ ನೀವು ಧಾರವಾಡದಲ್ಲಿ ಇರುವ ದಿನ ಮಾತ್ರ, ಅದೂ ಬೆಳಿಗ್ಗೆ.

ಗೋಕುಲ_ಗೇಟ್‌ವೇ · ಹುಬ್ಬಳ್ಳಿ

ಕ್ಯಾಮೆರಾ ಸಣ್ಣದಾಗಿ ಹೇಳ್ತೀನಿ. 4 ಎಂಬಿಪಿಎಸ್ ಒಂದು ಕ್ಯಾಮೆರಾ ಅಂದ್ರ ದಿನಕ್ಕ 43 ಜಿಬಿ, ನಾಕಕ್ಕ 173. 2 ಟಿಬಿ ಹನ್ನೊಂದು ದಿನಕ್ಕ ತುಂಬತೈತಿ. ಫೋಟೋ ಡಿಸ್ಕಿನ ಮ್ಯಾಲ ಇದನ್ನ ಬರೀಬ್ಯಾಡ್ರಿ, ಬ್ಯಾರೆ ಡಿಸ್ಕ್. ಎಸ್‌ಎಂಆರ್ ಡಿಸ್ಕ್ (ಸಾಲಿನ ಮ್ಯಾಲ ಸಾಲು ಹೊಂದಿಸಿ ಬರಿಯೋದು) ಬ್ಯಾಡ. ಫ್ರಿಗೇಟ್ (ಕ್ಯಾಮೆರಾ ರೆಕಾರ್ಡ್ ಮಾಡೋ ತಂತ್ರಾಂಶ) ಹಾಕ್ರಿ, ಮನಷ್ಯಾರನ್ನ ಗುರ್ತು ಹಿಡಿಯೂದು ಸಣ್ಣ ಸಬ್‌ಸ್ಟ್ರೀಮ್ ಮ್ಯಾಲ, ಬರಿಯೂದು ದೊಡ್ಡದು. ಇಂಟೆಲ್ ಒಳಗಿನ ಗ್ರಾಫಿಕ್ಸ್ ಮ್ಯಾಲ ಓಪನ್‌ವೈನೋ (ಗುರ್ತು ಹಿಡಿಯಾಕ ಬೇಕಾದ ಇಂಟೆಲ್ ತಂತ್ರಾಂಶ) ನಾಕು ಕ್ಯಾಮೆರಾ ಎಳೀತೈತಿ. ಕ್ಯಾಮೆರಾದ ವಿಲ್ಯಾನಿಗೆ (ಬ್ಯಾರೆ ಮಾಡಿದ ಜಾಲ, 10.58.20.x) ಇಂಟರ್ನೆಟ್ ಪೂರ್ತಿ ಬಂದ್. ಬಂದ್ ಮಾಡಿದ ಮ್ಯಾಲ ಅವುಕ್ಕ ಸಮಯ ಸಿಗಂಗಿಲ್ಲ, ರೂಟರಿನ ಎನ್‌ಟಿಪಿ ತೋರಸ್ರಿ. ಇಲ್ಲಾಂದ್ರ ಕಳುವಾದ ರಾತ್ರಿ ವಿಡಿಯೋ 1970ನೇ ಇಸವಿದಾಗ ಸಿಗತೈತಿ.

ನಡುಮನಿ · ಧಾರವಾಡ

ಮನೆಯಲ್ಲಿರುವವರಿಗೆ ಒಂದು ಹಾಳೆ, ಕನ್ನಡದಲ್ಲಿ, ದಪ್ಪ ಅಕ್ಷರ, ಲ್ಯಾಮಿನೇಟ್ ಮಾಡಿಸಿ ಓಎನ್‌ಟಿ ಪಕ್ಕದ ಗೋಡೆಗೆ. ಅದರಲ್ಲಿ ಇಷ್ಟೇ ಇರಲಿ: ಪೆಟ್ಟಿಗೆ 1ರಲ್ಲಿ ಕೆಂಪು ದೀಪ ಮಿನುಗಿದರೆ ಫೈಬರ್ ಕಡಿದಿದೆ, ಯಾವ ಬಟನ್ನೂ ಒತ್ತಬೇಡಿ, ಕಂಪನಿಗೆ ಫೋನ್. ಹಸಿರು ದೀಪ ಇದ್ದೂ ನೆಟ್ ಇಲ್ಲದಿದ್ದರೆ ಪೆಟ್ಟಿಗೆ 2ರ ಸ್ವಿಚ್ ಆರಿಸಿ, ನೂರು ಎಣಿಸಿ, ಹಚ್ಚಿ, ಐದು ನಿಮಿಷ ಬಿಡಿ. ಆಗಲೂ ಇಲ್ಲದಿದ್ದರೆ ತಿಜೋರಿಯ ಲಕೋಟೆ. ಪೆಟ್ಟಿಗೆ 3, ಅಂದರೆ ಸರ್ವರ್: ಮುಟ್ಟಬೇಡಿ. ಮೂರು ಪೆಟ್ಟಿಗೆಗೂ ಅವುಗಳ ಅಡಾಪ್ಟರಿಗೂ ಒಂದೇ ಬಣ್ಣದ ಟೇಪ್. ಅಡಾಪ್ಟರುಗಳೆಲ್ಲ ಕರಿಯವೇ, ಧೂಳು ಒರೆಸುವಾಗ ಅದಲುಬದಲು ಆಗುತ್ತವೆ, 12 ವೋಲ್ಟಿನ ಜಾಗಕ್ಕೆ 19 ವೋಲ್ಟ್ ಹೋದರೆ ಡಬ್ಬಿ ಹೋಯಿತು.

ಡಿಸ್ಕ್_ಜೋಡಿ · ರಾಣೇಬೆನ್ನೂರ

ಓಎನ್‌ಟಿ ಪುಟದಾಗ ಬೆಳಕಿನ ಬಲ ಎಷ್ಟೈತಿ ಅದನ್ನೂ ಈಗ ಬರದ ಇಡ್ರಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ನಡುವ ಇದ್ರ ಚಲೋ, ಮೈನಸ್ 27ರ ಆಕಡೆ ಹೋದ್ರ ಲೈನು ಬಿಟ್ಟುಬಿಟ್ಟು ಹಿಡೀತೈತಿ. ಮುಂದ ಕಂಪನಿ ಜೋಡಿ ಮಾತಾಡುವಾಗ ಅಂಕಿ ಕೈಯಾಗ ಇದ್ರ ಕೆಲಸ ಲಗೂನ ಆಗತೈತಿ.

ಮಾಳಮಡ್ಡಿ_ಮನಿ · ಧಾರವಾಡ

ಎಲ್ಲಾ ಬರಕೊಂಡಾತು. ಮ್ಯಾಲಿನ ಅಂತಸ್ತಿಗೆ ಮೊದಲ ಎಳದಿದ್ದ ಒಂದು ಕ್ಯಾಟ್6 ಐತಿ, ಅಚ್ಚ ತಾಮ್ರದ್ದ. ಗಿಗಾಬಿಟ್ ಸ್ವಿಚ್ಚಿಗೆ ಹಚ್ಚಿದ್ರ 100 ಅಷ್ಟ ತೋರಸತೈತಿ. ತಂತಿ ಹೊಸಾದು ಎಳೀಬೇಕೇನು?

ತಂತಿ_ಬ್ಯಾಲಿ · ಹುಬ್ಬಳ್ಳಿ

ಬ್ಯಾಡ, ಸದ್ಯ ಬ್ಯಾಡ. 100ಕ್ಕ ಎರಡ ಜೋಡಿ ಸಾಕು, 1000ಕ್ಕ ನಾಕೂ ಬೇಕು. ಕಿತ್ತಳೆ, ಹಸರು ಬರೊಬ್ಬರಿ ಅದಾವ. ನೀಲಿ ಇಲ್ಲಾ ಕಂದು ಜೋಡ್ಯಾಗ ಒಂದು ಎಳಿ ಹಿಡದಿಲ್ಲ. ಟೆಸ್ಟರ್ ಹಚ್ಚಿ 4, 5, 7, 8 ಯಾವ ದೀಪ ಹತ್ತಂಗಿಲ್ಲ ನೋಡ್ರಿ. ಮೊದಲ ಕೆಳಗಿನ ತುದಿ ಕತ್ತರಿಸಿ ಹೊಸಾ ಪ್ಲಗ್ ಹಾಕ್ರಿ, ಆಗಲಿಲ್ಲಂದ್ರ ಮ್ಯಾಲಿಂದು. ಪ್ಲಗ್ ಕ್ಯಾಟ್6ದ್ದ ಇರಲಿ. ಕ್ಯಾಟ್5ಇ ಪ್ಲಗ್ಗಿನಾಗ ದಪ್ಪ ಎಳಿ ತುದೀತನಕ ಹೋಗಂಗಿಲ್ಲ. ಎರಡೂ ಹೊಸಾದು ಹಾಕಿದ ಮ್ಯಾಲೂ 100 ಅಂದ್ರ ಪೈಪಿನ ಬಾಗಿನಾಗ ಎಲ್ಲೋ ಮುರದೈತಿ, ಆವಾಗ ಹಳೇ ತಂತಿ ತುದಿಗೆ ಹೊಸಾದು ಕಟ್ಟಿ ಎಳೀರಿ.